ಮಾವ ಉಸಿರಾಡಲು ಕಲಿತದ್ದು

ನನ್ನ ಸೋದರಮಾವನಿಗೆ ಉಸಿರಾಡಲು ಬರುವುದಿಲ್ಲ ಎಂದು ಮೊದಲು ಹೇಳಿದವರು ಕಾರ್ಕಳದ ಕಡೆಯ ಒಬ್ಬ ಹೆಂಗಸು. ಮಳೆನೀರು ತುಂಬಿದ ಕಲ್ಲುಕೋರೆಯಲ್ಲಿ ಈಜು ಕಲಿತವರು. ಅಂಥವರು ಕಾಪುವಿನ ಕಡಲ ಬದಿಯಲ್ಲೇ ಹುಟ್ಟಿ ಬೆಳೆದ ಮನುಷ್ಯನಿಗೆ ಹೀಗೆ ಹೇಳಿದ್ದನ್ನು ಕೇಳಿ ನನ್ನ ಮೈಯೆಲ್ಲ ಉರಿದುಹೋಯಿತು. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಅಮ್ಮ ಹೇಳುವುದು ಸುಳ್ಳಲ್ಲ. ಆ ಕೋಪ ಇಳಿದು, ಅವರನ್ನು ನೆನೆದರೆ ಕೈ ಮುಗಿಯಬೇಕು ಅನಿಸುವಷ್ಟು ಗೌರವ ಬರಲು ಒಂದು ಇಡೀ ಬೇಸಿಗೆ ಬೇಕಾಯಿತು.

ಮಾವ ಎಂದರೆ ಅಮ್ಮನ ತಮ್ಮ. ಪಚ್ಚಿಲೆ ತೆಗೆಯುವುದು ಅವರ ಕೆಲಸ. ತೀರದಿಂದಾಚೆ ನೀರಿನಡಿಯ ಬಂಡೆಗಳಿಗೆ ಅಂಟಿಕೊಂಡು ಬೆಳೆಯುವ ಹಸಿರಂಚಿನ ಜೋಡಿಚಿಪ್ಪಿನ, ಸಾರಿಗೆ ರುಚಿಯಾದ ಪಚ್ಚಿಲೆಯನ್ನು ಮುಳುಗಿ ಉಳಿಯಿಂದ ಎಬ್ಬಿಸಬೇಕು, ಸೊಂಟಕ್ಕೆ ಕಟ್ಟಿದ ಬಲೆಚೀಲಕ್ಕೆ ತುಂಬಿಕೊಂಡು ಮೇಲೆ ಬರಬೇಕು. ಇದಕ್ಕೆ ಸಿಲಿಂಡರೂ ಇಲ್ಲ, ಪೈಪೂ ಇಲ್ಲ. ಕಣ್ಣಿಗೆ ಒಂದು ಹಳೆಯ ಮಾಸ್ಕು, ಎದೆಯೊಳಗೆ ಒಂದು ಉಸಿರು, ಅಷ್ಟೇ ಬಂಡವಾಳ. ಅವರು ಮುಳುಗಿದ ಮೇಲೆ ದೋಣಿಯಲ್ಲಿದ್ದವರು ಎಲೆಯಡಿಕೆ ಬಾಯಿಗೆ ಹಾಕಿ, ಜಗಿದು, ಉಗಿದು, ಇನ್ನೂ ಬರಲಿಲ್ಲವಲ್ಲ ಎಂದು ನೀರು ನೋಡತೊಡಗಿದಾಗ ಮಾವನ ತಲೆ ಕಾಣುತ್ತಿತ್ತು. ನಮ್ಮ ಕಡೆಯಲ್ಲಿ ಅವರಷ್ಟು ಹೊತ್ತು ಅಡಿಯಲ್ಲಿ ನಿಲ್ಲುವವರು ಬೇರೆ ಯಾರೂ ಇರಲಿಲ್ಲ. ಆ ಹೆಸರನ್ನು ಅವರು ತಲೆಯ ಮೇಲೆ ಹೊತ್ತುಕೊಂಡೇ ತಿರುಗುತ್ತಿದ್ದರು, ಮತ್ತು ಹಾಗೆ ತಿರುಗುವ ಹಕ್ಕು ಅವರಿಗೆ ಇತ್ತು ಎಂದೇ ನನ್ನ ಅಭಿಪ್ರಾಯ.

ಪಚ್ಚಿಲೆ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿತ್ತು. ಅಷ್ಟರಲ್ಲಿ ಪ್ರವಾಸಿಗರನ್ನು ನೀರಿನಡಿಗೆ ಕರೆದುಕೊಂಡು ಹೋಗುವ ಒಂದು ಸಂಸ್ಥೆಯವರು ಬಂದರು. ಮೀನು ಚೆನ್ನಾಗಿ ಕಾಣುವ ಬಂಡೆ ಎಲ್ಲಿದೆ ಎಂದು ಕೇಳಿದರು. ಎಲ್ಲರೂ ಮಾವನತ್ತ ಕೈ ತೋರಿಸಿದರು. ಮಾವ ತಾನು ಮೀಸೆ ಬರುವ ಮೊದಲಿನಿಂದ ಮುಳುಗುತ್ತಿದ್ದ ಬಂಡೆಯನ್ನೇ ತೋರಿಸಿಕೊಟ್ಟರು. ಸಂಸ್ಥೆಯವರಿಗೆ ಖುಷಿಯೋ ಖುಷಿ. ಮಾವನಿಗೆ ದೋಣಿಯಲ್ಲೇ ಕೆಲಸ ಕೊಟ್ಟರು. ಲಂಗರು ಹಾಕುವುದು, ಸಿಲಿಂಡರು ಎತ್ತಿ ಕೊಡುವುದು, ಬಂದವರ ಮೊಬೈಲು ಚೀಲ ಕಾಯುವುದು. ನೀರಿಗಿಳಿಯುವುದು ಮಾತ್ರ ಮುಳುಗುವ ತರಬೇತಿ ಮುಗಿಸಿ ಕಾರ್ಡು ಪಡೆದ ಗೈಡುಗಳು. ಕಾರ್ಡು ಇಲ್ಲದವರು ಅತಿಥಿಗಳ ಜೊತೆ ಇಳಿಯುವಂತಿಲ್ಲ, ವಿಮೆಯ ನಿಯಮ. ತನ್ನದೇ ಮನೆಯ ಬಾಗಿಲಲ್ಲಿ ನಿಂತು ನೆಂಟರ ಚಪ್ಪಲಿ ಕಾದ ಹಾಗಾಯಿತು ಅವರ ಪಾಡು. ಒಂದು ದಿನ ಯಾರೋ ನೀರಿನಿಂದ ಮೇಲೆ ಬಂದು, ಕೆಳಗೆ ಎಂಥ ಜಾಗ, ನೀವು ಒಮ್ಮೆ ನೋಡಲೇಬೇಕು ಅಂಕಲ್ ಎಂದರಂತೆ. ಮಾವ ಅಂದು ಮನೆಗೆ ಬಂದು ಊಟ ಮಾಡದೆ ಮಲಗಿದರು. ಮರುದಿನ ಬೆಳಿಗ್ಗೆ ತರಬೇತಿಗೆ ಸೇರುತ್ತೇನೆ ಎಂದರು. ಐವತ್ತರ ಹತ್ತಿರದ ವಯಸ್ಸು.

ನಾನು ಆಗ ಬನ್ನಂಜೆಯ ಒಂದು ದಂತವೈದ್ಯರ ಕ್ಲಿನಿಕ್ಕಿನಲ್ಲಿ ಮುಂದಿನ ಮೇಜಿನ ಹಿಂದೆ ಕುಳಿತು ಜನರ ಹಲ್ಲುನೋವಿಗೆ ಸಮಯ ಕೊಡುತ್ತಿದ್ದೆ. ಆ ಕೆಲಸ ಸಾಕಾಗಿತ್ತು. ತರಬೇತಿಯಲ್ಲಿ ಪ್ರತಿಯೊಬ್ಬರಿಗೂ ಒಂದು ಜೋಡಿ ಇರಬೇಕು, ಒಬ್ಬರ ಜೀವಕ್ಕೆ ಇನ್ನೊಬ್ಬರು ಹೊಣೆ. ಮಾವನ ಜೋಡಿಯಾಗಿ ನಾನೂ ಸೇರಿಕೊಂಡೆ. ನಮ್ಮ ಜೊತೆ ಘಟ್ಟದ ಮೇಲಿನ ಇಬ್ಬರು ತರುಣರಿದ್ದರು. ತುಳು ಬಾರದ ಅವರಿಗಾಗಿ ಪಾಠವೆಲ್ಲ ಕನ್ನಡದಲ್ಲಿ. ಬನ್ನಂಜೆಯಲ್ಲಿ ಒಂದು ಬೇಕರಿಯ ಮೇಲಿನ ಕೋಣೆಯಲ್ಲಿ ಓದಿನ ಪಾಠ, ಬೆಳಿಗ್ಗೆ ಬೇಗ ಮಣಿಪಾಲದ ಈಜುಕೊಳದಲ್ಲಿ ಅಭ್ಯಾಸ, ಅದು ಮುಗಿದ ಮೇಲೆ ಕಾಪುವಿನ ಸಮುದ್ರ. ಮೊದಲ ಹಂತದ ಕಾರ್ಡು ಸಿಗದೆ ಮುಂದಿನ ಹಂತಕ್ಕೆ ಹೋಗುವಂತಿಲ್ಲ, ಎಲ್ಲ ಹಂತ ದಾಟದೆ ಗೈಡ್ ಆಗುವಂತಿಲ್ಲ.

ಟೀಚರ್ ಕಾರ್ಕಳದಿಂದ ಬೆಳ್ಮಣ್ ದಾರಿಯ ಬಸ್ಸಿನಲ್ಲಿ ಬರುತ್ತಿದ್ದರು. ಕೊಂಕಣಿ ಮಾತಾಡುವ ಮನೆಯವರು, ಗಿಡ್ಡ ಆಳು, ದಪ್ಪ ಕನ್ನಡಕ. ಅವರ ಮಾಸ್ಕಿಗೂ ಪವರಿನ ಗಾಜು. ಅಂಡಮಾನಿನಲ್ಲಿ ಕೆಲವು ವರ್ಷ ಕಲಿಸಿ ಬಂದಿದ್ದರು. ಮೊದಲ ದಿನ ಅವರನ್ನು ನೋಡಿದ ಮಾವ ನನ್ನ ಕಿವಿಯಲ್ಲಿ, "ಇವರು ನಮಗೆ ಕಲಿಸುವುದಾ, ನಾವು ಇವರನ್ನು ಹಿಡ್ಕೊಂಡು ದಡ ಮುಟ್ಟಿಸುವುದಾ?" ಎಂದರು. ನಾನೂ ನಕ್ಕೆ.

ನಗು ಹೆಚ್ಚು ದಿನ ಉಳಿಯಲಿಲ್ಲ. ಅವರ ಕೆಲಸ ನೋಡುವುದೇ ಒಂದು ಚಂದ. ನೀರಿಗಿಳಿಯುವ ಮೊದಲು ಪ್ರತಿಯೊಬ್ಬರ ಮುಂದೆ ನಿಂತು, ಸಿಲಿಂಡರಿನ ತಿರುಪಿನಿಂದ ಕಾಲಿನ ರೆಕ್ಕೆಯ ಪಟ್ಟಿಯವರೆಗೆ ಒಂದೊಂದನ್ನೂ ಮುಟ್ಟಿ ನೋಡುವರು. ದಿನವೂ ಅದೇ ಕ್ರಮ. ಒಂದು ಕೊಂಡಿ ಬಿಟ್ಟುಹೋಯಿತು ಎಂದರೆ ಮತ್ತೆ ಮೊದಲಿನಿಂದ. ದನಿ ಎತ್ತುವುದಿಲ್ಲ, ಶಹಬ್ಬಾಸ್ ಎನ್ನುವುದಿಲ್ಲ, ಬೈಯುವುದೂ ಇಲ್ಲ. ನೀರಿನಡಿಯಲ್ಲಿ ಅವರು ಅಲುಗಾಡದೆ ನಿಂತುಬಿಡುವರು. ಮೇಲೆಯೂ ಹೋಗದೆ ಕೆಳಗೂ ಇಳಿಯದೆ, ಕೈಕಾಲು ಆಡಿಸದೆ, ಬರೀ ಉಸಿರಿನ ಮೇಲೆ. ನಾನು ಹಾಗೆ ನಿಲ್ಲಲು ಹೋಗಿ ಕೊಳದ ತಳಕ್ಕೆ ಮೂಗು ಉಜ್ಜಿಕೊಂಡಿದ್ದೇನೆ.

ನೀರಿನಡಿಯ ನನ್ನ ಮೊದಲ ಉಸಿರನ್ನು ನಾನು ಮರೆಯುವುದಿಲ್ಲ. ಸಿಲಿಂಡರಿನ ಗಾಳಿ ಬರುವ ರೆಗ್ಯುಲೇಟರ್ ಬಾಯಿಗೆ ಕಚ್ಚಿಕೊಂಡು ತಲೆ ಮುಳುಗಿಸಿದಾಗ ಎದೆ ಬೇಡ ಬೇಡ ಎಂದಿತು. ಎಳೆದೆ. ಒಣ, ತಣ್ಣನೆಯ ಗಾಳಿ ಬಂತು. ಬಿಟ್ಟೆ, ಕಿವಿಯ ಪಕ್ಕದಲ್ಲೇ ಗುಳಗುಳ ಎಂದು ಗುಳ್ಳೆಗಳು ಮೇಲೆ ಹೋದವು. ನನಗೆ ಅಳು ಬಂತು ಎಂದು ಹೇಳಿಕೊಳ್ಳಲು ನಾಚಿಕೆಯಿಲ್ಲ. ಕಡಲ ಬದಿಯಲ್ಲಿ ಹುಟ್ಟಿದ ಹೆಣ್ಣುಮಕ್ಕಳು ನಾವು. ನಮ್ಮ ಮನೆಯ ಹೆಂಗಸರು ಯಾರೂ ಸೊಂಟ ಮುಳುಗುವಷ್ಟು ನೀರಿನಿಂದಾಚೆ ಹೋದವರಲ್ಲ.

ಅಭ್ಯಾಸ ಮುಗಿದು ಮೇಲೆ ಬಂದಾಗ ಟೀಚರ್ ಒಬ್ಬೊಬ್ಬರ ಸಿಲಿಂಡರಿನ ಮೀಟರು ನೋಡಿ ಎಷ್ಟು ಗಾಳಿ ಉಳಿದಿದೆ ಎಂದು ಹೇಳುತ್ತಿದ್ದರು. ನನ್ನದು ಕಾಲು ಭಾಗ. ಘಟ್ಟದ ತರುಣರದ್ದು ಅದಕ್ಕಿಂತಲೂ ಕಡಿಮೆ, ಭಯಕ್ಕೆ ಗಬಗಬ ಕುಡಿಯುತ್ತಿದ್ದರು. ಮಾವನದು ಅರ್ಧಕ್ಕಿಂತ ಹೆಚ್ಚು. ಪ್ರತಿ ದಿನವೂ ಹಾಗೆಯೇ.

"ನಿಮ್ಮ ಹಾಗೆ ದುಂದು ಮಾಡುವವ ಅಲ್ಲ ನಾನು," ಎಂದು ಮಾವ ತರುಣರಿಗೆ ಹೇಳುತ್ತಿದ್ದರು. "ಒಂದು ಸಿಲಿಂಡರಿನಲ್ಲಿ ನಾನು ಎರಡು ದಿನ ಸಂಸಾರ ಮಾಡ್ತೇನೆ."

ಅವರು ಕಣ್ಣರಳಿಸಿ ಕೇಳುತ್ತಿದ್ದರು. ನನಗೂ ಒಳಗೊಳಗೇ ಜಂಬ. ಒಂದೇ ತೊಂದರೆ ಎಂದರೆ ಕೊಳದಿಂದ ಮನೆಗೆ ಬರುವ ದಾರಿಯುದ್ದಕ್ಕೂ ಮಾವನಿಗೆ ತಲೆನೋವು. ಬಸ್ಸಿನಲ್ಲಿ ಕಿಟಕಿಗೆ ಹಣೆ ಒತ್ತಿಕೊಂಡು ಕುಳಿತುಕೊಳ್ಳುವರು. ಕೊಳದ ನೀರಿಗೆ ಹಾಕುವ ಔಷಧದ ದೋಷ ಎಂದು ಅವರೇ ತೀರ್ಮಾನಿಸಿದ್ದರು. ಅಮ್ಮ ಹಣೆಗೆ ಬಾಮು ತಿಕ್ಕಿ ಕಾಫಿ ಕೊಡುತ್ತಿದ್ದಳು.

ಒಂದು ಬೆಳಿಗ್ಗೆ ಟೀಚರ್ ನಮ್ಮನ್ನೆಲ್ಲ ಕೊಳದ ಅಂಚಿನಲ್ಲಿ ಕುಳ್ಳಿರಿಸಿ ಕೇಳಿದರು.

"ಅಣ್ಣ, ನಿಮ್ಮ ಗುಳ್ಳೆ ಎಲ್ಲಿ?"

"ಎಂತ ಗುಳ್ಳೆ ಟೀಚರೇ?"

"ಎಲ್ಲರ ಬಾಯಿಂದಲೂ ಗುಳ್ಳೆ ಬರ್ತಾ ಉಂಟು. ನಿಮ್ಮದು ನಾನು ಕಾದು ಕೂತ್ಕೊಂಡ್ರೂ ಬರುದಿಲ್ಲ. ನೀವು ಉಸಿರು ಎಳೆದು ಒಳಗೆ ಇಟ್ಟುಕೊಳ್ತೀರಿ. ತಲೆನೋವು ಅದಕ್ಕೇ ಬರುವುದು."

ಮಾವ ನಕ್ಕರು. "ಗಾಳಿ ಉಳಿಸಿದ್ದು ತಪ್ಪಾ?"

"ಇಲ್ಲಿ ಉಳಿಸ್ಲಿಕ್ಕೆ ಬಂದದ್ದಲ್ಲ ಅಣ್ಣ, ಖರ್ಚು ಮಾಡ್ಲಿಕ್ಕೆ ಬಂದದ್ದು."

ಆಮೇಲೆ ಅವರು ಚೀಲದಿಂದ ಒಂದು ಬಲೂನು ತೆಗೆದರು. ಕೊಳದ ಆಳದ ಕಡೆಗೆ ನಮ್ಮನ್ನು ಕರೆದುಕೊಂಡು ಹೋಗಿ, ತಳದಲ್ಲಿ ಅದಕ್ಕೆ ಸಿಲಿಂಡರಿನ ಗಾಳಿಯನ್ನು ಬಿಗಿಯಾಗಿ ತುಂಬಿ, ಬಾಯಿ ಕಟ್ಟಿ ಬಿಟ್ಟರು. ಅದು ಮೇಲೇರುತ್ತ ಊದಿಕೊಂಡಿತು, ನೀರಿನ ಮಟ್ಟ ಮುಟ್ಟುವ ಮೊದಲೇ ಒಡೆದುಹೋಯಿತು. ನೀರಿನ ಮೇಲಿನಿಂದ ತುಂಬಿಕೊಂಡು ಹೋದ ಉಸಿರು ಮುಳುಗಿದಾಗ ಕುಗ್ಗಿ, ಮೇಲೆ ಬರುವಾಗ ಮೊದಲಿದ್ದಷ್ಟೇ ಆಗುತ್ತದೆ. ಪಚ್ಚಿಲೆಯವರಿಗೆ ಅದರಿಂದ ಅಪಾಯವಿಲ್ಲ. ಆದರೆ ಅಡಿಯಲ್ಲಿ ಸಿಲಿಂಡರಿನಿಂದ ಎಳೆದ ಉಸಿರನ್ನು ಒಳಗೆ ಹಿಡಿದಿಟ್ಟು ಮೇಲೆ ಬಂದರೆ ಎದೆಯೊಳಗೇ ಹೀಗಾಗುತ್ತದೆ. ಇಷ್ಟನ್ನು ಅವರು ತಾಳ್ಮೆಯಿಂದ ಹೇಳಿದರು.

"ಅದು ಬಲೂನು," ಎಂದರು ಮಾವ. "ನನ್ನ ಎದೆ ಬಲೂನಾ?"

ಟೀಚರ್ ಮಾಸ್ಕಿನ ಗಾಜು ಒರೆಸುತ್ತ ನಿಂತರು.

ಮಾವನದು ಹಟ ಎಂದು ನಾನು ಮೊದಲು ತಿಳಿದೆ. ಹಟವಲ್ಲ ಎಂದು ಪಕ್ಕದಲ್ಲೇ ಈಜುವಾಗ ಗೊತ್ತಾಯಿತು. ಅವರು ಉಸಿರು ಬಿಡಲು ನಿಜವಾಗಿಯೂ ಪ್ರಯತ್ನಿಸುತ್ತಿದ್ದರು. ನಾಲ್ಕು ಸಲ ಎಳೆದು ಬಿಡುವರು, ಐದನೆಯದು ಎದೆಯಲ್ಲೇ ನಿಂತುಬಿಡುವುದು. ನೀರಿನಡಿಯಲ್ಲಿ ಉಸಿರು ಬಿಟ್ಟರೆ ಕಥೆ ಮುಗಿಯಿತು ಎಂದು ಚಿಕ್ಕಂದಿನಿಂದ ಕಲಿತ ಮೈ ಅದು. ಹಾಗೆ ಹಿಡಿದಿಟ್ಟುಕೊಂಡಿದ್ದರಿಂದಲೇ ಅವರು ಇಷ್ಟು ವರ್ಷ ಬದುಕಿ ಉಳಿದಿದ್ದರು.

ಸಮುದ್ರದ ಪಾಠ ಶುರುವಾಯಿತು. ಮೊದಲ ಹಂತದ ಕೊನೆಯ ಪರೀಕ್ಷೆ ಒಂದಿತ್ತು. ಅಡಿಯಲ್ಲಿ ಗಾಳಿ ಮುಗಿದುಹೋಯಿತು ಎಂದುಕೊಳ್ಳಬೇಕು. ಒಂದೇ ಉಸಿರನ್ನು ಬಾಯಿಂದ ಒಂದೇ ಸಮನೆ ಬಿಡುತ್ತ, ದನಿ ಮಾಡುತ್ತ, ನಿಧಾನವಾಗಿ ನೀರಿನ ಮಟ್ಟದವರೆಗೆ ಬರಬೇಕು. ನಡುವೆ ಎಳೆಯುವಂತಿಲ್ಲ, ನಿಲ್ಲಿಸುವಂತಿಲ್ಲ. ಟೀಚರ್ ಪಕ್ಕದಲ್ಲೇ ಬರುತ್ತಾರೆ. ನಾನು ಎರಡನೆಯ ಸಲಕ್ಕೆ ಮಾಡಿದೆ. ತರುಣರು ಮೊದಲ ಸಲಕ್ಕೇ ಮಾಡಿದರು, ಹೆದರಿಕೆಯಲ್ಲಿ ಅವರ ಬಾಯಿ ಹೇಗೂ ತೆರೆದೇ ಇತ್ತು.

ಮಾವನ ಸರದಿ ಬಂದಾಗ ನಾನು ದೋಣಿಯ ಅಂಚಿಗೆ ಬಗ್ಗಿ ನೋಡುತ್ತಿದ್ದೆ. ನೀರು ಆ ದಿನ ತಿಳಿಯಾಗಿತ್ತು. ಎರಡು ಆಕೃತಿಗಳು ಮೇಲೇರುತ್ತಿದ್ದವು, ಒಂದು ಗುಳ್ಳೆಗಳ ಸಾಲು. ಒಂದೇ. ಅರ್ಧ ದಾರಿಯಲ್ಲಿ ಟೀಚರ್ ಮಾವನ ಜಾಕೆಟ್ಟಿನ ಪಟ್ಟಿ ಹಿಡಿದು ತಡೆದು ನಿಲ್ಲಿಸಿದರು. ಹೊಟ್ಟೆಯ ಮೇಲೆ ತಟ್ಟಿ ತಟ್ಟಿ ಉಸಿರು ಬಿಡಿಸಿ, ಆಮೇಲೆ ಮೇಲೆ ಕರೆತಂದರು. ಇನ್ನೊಂದು ದಿನ ಮತ್ತೆ ಪ್ರಯತ್ನಿಸಿದರು, ಮತ್ತೆ ಅದೇ. ಕಾರ್ಡಿಗೆ ಸಹಿ ಹಾಕುವುದಿಲ್ಲ ಎಂದು ಟೀಚರ್ ಹೇಳಿಬಿಟ್ಟರು.

ನಮ್ಮ ಊರಿನಲ್ಲಿ ಯಾವ ವಿಷಯವೂ ಗುರಿಕಾರರ ಕಿವಿಗೆ ಬೀಳದೆ ಉಳಿಯುವುದಿಲ್ಲ. ಗುರಿಕಾರರೆಂದರೆ ನಮ್ಮ ಮೊಗವೀರ ಪಟ್ಟಣದ, ಅಂದರೆ ಮೀನುಗಾರರ ಕೇರಿಯ, ಹಿರಿಯರು, ಮದುವೆಯಿಂದ ಜಗಳದವರೆಗೆ ಅವರ ಮಾತು ಬೇಕು. ಅವರೇ ಬಿಳಿ ಪಂಚೆ ಉಟ್ಟು ಸಂಸ್ಥೆಯ ಶೆಡ್ಡಿಗೆ ಬಂದರು. ಟೀಚರ್ ಕುರ್ಚಿ ಕೊಟ್ಟು, ಚಹಾ ತರಿಸಿ, ತಾವು ನಿಂತೇ ಇದ್ದರು.

"ಅವ ಹುಟ್ಟಿದ್ದೇ ನೀರಿನಲ್ಲಿ ಅಮ್ಮ," ಎಂದರು ಗುರಿಕಾರರು. "ಅವನಿಗೆ ಈಜು ಬರುದಿಲ್ಲ ಅಂತ ನೀವು ಹೇಳಿದ್ರೆ ನಮಗೆಲ್ಲ ನಾಚಿಕೆ ಅಲ್ವಾ?"

"ಈಜು ಬರುದಿಲ್ಲ ಅಂತ ನಾನು ಹೇಳ್ಲಿಲ್ಲ. ಅವರಷ್ಟು ಈಜು ನನಗೂ ಬರುದಿಲ್ಲ. ಉಸಿರಾಡ್ಲಿಕ್ಕೆ ಬರುದಿಲ್ಲ ಅಂತ ಹೇಳಿದ್ದು."

"ಒಂದು ಸಹಿ ಅಲ್ವಾ?"

"ಆ ಸಹಿ ಹಾಕಿದ್ರೆ ನಾಳೆ ಅವರ ಕೈ ಹಿಡ್ಕೊಂಡು ಬೇರೆಯವರ ಮಕ್ಕಳು ಇಳಿತಾರೆ. ಕ್ಷಮಿಸಿ, ನನ್ನಿಂದ ಆಗುದಿಲ್ಲ."

ಗುರಿಕಾರರು ಚಹಾ ಕುಡಿದು ಎದ್ದು ಹೋದರು. ಅವರ ಮಾತಿಗೆ ಹೀಗೆ ಇಲ್ಲ ಎಂದವರನ್ನು ನಾನು ಅದುವರೆಗೆ ಕಂಡಿರಲಿಲ್ಲ. ನನಗೆ ಮೈ ಉರಿದದ್ದು ಆಗಲೇ. ಶೆಡ್ಡಿನ ಹೊರಗೆ ಟೀಚರನ್ನು ನಿಲ್ಲಿಸಿ ಕೇಳಿಯೇಬಿಟ್ಟೆ, ಊರಿನವರ ಮುಂದೆ ಮಾವನ ಮಾನ ತೆಗೆದು ನಿಮಗೆ ಏನು ಸಿಕ್ಕಿತು ಎಂದು.

ಅವರು ಬಸ್ಸು ನಿಲ್ದಾಣದವರೆಗೆ ನನ್ನ ಜೊತೆ ನಡೆದರು. ಅಂಡಮಾನಿನಲ್ಲಿ ಒಬ್ಬನಿದ್ದನಂತೆ, ಮಾವನ ಹಾಗೆಯೇ ಉಸಿರು ಕಟ್ಟಿ ಮುಳುಗುವುದರಲ್ಲಿ ಹೆಸರಾದವನು. ಅವನಿಗೆ ಸಿಲಿಂಡರು ಕಟ್ಟಿ, ಇವನಿಗೇನು ಹೇಳಿಕೊಡುವುದು ಎಂದು ಎಲ್ಲರೂ ಸುಮ್ಮನಿದ್ದರಂತೆ. ಒಂದು ದಿನ ಉಸಿರು ಹಿಡಿದೇ ಮೇಲೆ ಬಂದ. ಜೀವ ಉಳಿಯಿತು, ಆದರೆ ಮೆಟ್ಟಿಲು ಹತ್ತಿದರೆ ಏದುಸಿರು. ಮತ್ತೆ ನೀರಿಗಿಳಿಯಲಿಲ್ಲ.

"ಹೆದರುವವರ ಬಗ್ಗೆ ನನಗೆ ಹೆದರಿಕೆ ಇಲ್ಲ," ಎಂದರು. "ಅವರು ಹೇಳಿದ್ದು ಕೇಳ್ತಾರೆ. ಚೆನ್ನಾಗಿ ಈಜುವವರನ್ನು ಕಂಡ್ರೆ ನನಗೆ ನಿದ್ದೆ ಬರುದಿಲ್ಲ."

ಪಡುಬಿದ್ರೆಯ ಬಸ್ಸು ಬಂತು. ಅವರು ಹತ್ತಿ ಹೋದರು. ನಾನು ಅಲ್ಲೇ ನಿಂತಿದ್ದೆ, ಕೋಪ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

ಇತ್ತ ಊರಿನಲ್ಲಿ ಮಾವನಿಗೆ ತಲೆ ಎತ್ತಿ ತಿರುಗುವ ಹಾಗಿರಲಿಲ್ಲ. ಹೋಟೆಲಿಗೆ ಹೋದರೆ, ಉಸಿರಾಡಲು ಕಲಿತಾಯಿತಾ ಎಂದು ಕೇಳುವವರೇ ಎಲ್ಲ. ಯಾರೋ ಮೂಗು ಮುಟ್ಟಿ ತೋರಿಸಿ, ಒಳಗೆ ಹೋಗುವ ದಾರಿ ಇದು ಎಂದರಂತೆ. ಮಾವ ಮುಖ ಊದಿಸಿಕೊಂಡು ಮನೆ ಸೇರಿದರು. ತರಬೇತಿ ಬಿಟ್ಟರು, ದೋಣಿಯ ಕೆಲಸಕ್ಕೂ ಹೋಗಲಿಲ್ಲ, ಬಡಿಸಿದ ಅನ್ನ ಹಾಗೆಯೇ ಇಟ್ಟು ಏಳತೊಡಗಿದರು.

"ಎಂತ, ಶ್ವಾಸ ಬಿಡ್ಲಿಕ್ಕೆ ಹೇಳಿದ್ದಕ್ಕೆ ಊಟ ಬಿಟ್ಟದ್ದಾ?" ಎಂದಳು ಅಮ್ಮ.

ಮಾವ ನಗಲಿಲ್ಲ. ನಗದಿರುವ ಮಾವನನ್ನು ನೋಡಲು ನನಗೆ ಕಷ್ಟವಾಯಿತು. ಮಳೆಗಾಲ ಹತ್ತಿರವಾಗುತ್ತಿತ್ತು. ಸಮುದ್ರ ಕೆಟ್ಟರೆ ಆ ಸಂಸ್ಥೆ ಶೆಡ್ಡಿಗೆ ಬೀಗ ಹಾಕುವುದು, ಟೀಚರ್ ಮುಂದಿನ ವರ್ಷ ಬರುತ್ತಾರೋ ಇಲ್ಲವೋ. ಹಾಗಾದರೆ ಮಾವ ಉಳಿದ ಆಯಸ್ಸೆಲ್ಲ ತನ್ನ ಬಂಡೆಯ ಮೇಲೆ ನಿಂತ ದೋಣಿಯಲ್ಲಿ ಬೇರೆಯವರ ಮೊಬೈಲು ಕಾಯುತ್ತ ಕುಳಿತಿರಬೇಕು.

ಆ ದಿನಗಳಲ್ಲೇ ಒಂದು ಸಂಜೆ ತೀರದಲ್ಲಿ ಕೈರಂಪಣಿ ಎಳೆಯುತ್ತಿದ್ದರು. ದೋಣಿಯಲ್ಲಿ ಹೋಗಿ ನೀರಿನಲ್ಲಿ ಅರ್ಧಚಂದ್ರದ ಹಾಗೆ ಬಲೆ ಹಾಕಿ ಬಂದು, ಎರಡು ಕಡೆ ಹಗ್ಗ ಹಿಡಿದು ದಡದಿಂದಲೇ ಎಳೆಯುವುದು. ಅದಕ್ಕೆ ಒಬ್ಬ ಕೂಗಬೇಕು, ಉಳಿದವರು ಓಗೊಡಬೇಕು, ಇಲ್ಲದಿದ್ದರೆ ಎಳೆತ ಒಂದಾಗುವುದಿಲ್ಲ. ನಮ್ಮಲ್ಲಿ ಕೂಗುವವರು ಮಾವ. ಊಟ ಬಿಟ್ಟವರು ಕೂಗು ಬಿಡಲಿಲ್ಲ, ಕರೆದಾಗ ಎದ್ದು ಬಂದರು. ಟೀಚರ್ ನನಗೆ ಏನೋ ಹೇಳಲು ಬಂದವರು ಮರಳಿನ ಮೇಲೆ ನಿಂತು ನೋಡಿದರು. ಮಾವ ಹಗ್ಗಕ್ಕೆ ಹೆಗಲು ಕೊಟ್ಟು ಕೂಗುತ್ತಿದ್ದರು, ಎಲ್ಲರೂ ಓಗೊಟ್ಟು ಹಿಮ್ಮೆಟ್ಟುತ್ತಿದ್ದರು. ಬಲೆಯ ಹೊಟ್ಟೆ ದಡ ಮುಟ್ಟುವಾಗ ಕೊನೆಯಲ್ಲಿ ಒಂದು ಉದ್ದನೆಯ ಕೂಗು ಉಂಟು, ಉಸಿರು ಮುಗಿಯುವವರೆಗೆ ಎಳೆಯುವುದು. ಮಾವ ಅದನ್ನೂ ಕೂಗಿದರು. ಟೀಚರ್ ಮೀನು ನೋಡಲಿಲ್ಲ, ಮಾವನ ಎದೆಯನ್ನೇ ನೋಡುತ್ತಿದ್ದರು. ಆಮೇಲೆ ಹತ್ತಿರ ಬಂದು, "ಅಣ್ಣ, ನಾಳೆ ಬೆಳಿಗ್ಗೆ ಒಂದೇ ಒಂದು ಸಲ ಕೊಳಕ್ಕೆ ಬನ್ನಿ," ಎಂದರು. ಊರಿನವರ ಎದುರು ಹೆಂಗಸೊಬ್ಬಳು ಹೀಗೆ ಕೇಳಿಕೊಂಡಾಗ ಇಲ್ಲ ಎನ್ನಲು ಮಾವನಿಗೆ ಬಾಯಿ ಬರಲಿಲ್ಲ.

ಮರುದಿನ ಟೀಚರ್ ಹೇಳಿದ್ದು ಇಷ್ಟೇ. ದಡದಲ್ಲಿ ಕೂಗಿದ್ದನ್ನು ಕೊಳದ ತಳದಲ್ಲಿ ಕೂಗಬೇಕು. ಮಾವ ನಾಚಿಕೊಂಡರು. ಇಳಿದರು, ಕುಳಿತರು, ಕೂಗಲಿಲ್ಲ. ಮೇಲೆ ಬಂದು, "ಓಗೊಡುವವರು ಇಲ್ಲದೆ ಕೂಗು ಹೊರಡುದಿಲ್ಲ ಟೀಚರೇ, ಅದು ಹಾಗೆ ಬರುವಂಥದ್ದಲ್ಲ," ಎಂದರು.

ಟೀಚರ್ ಸ್ವಲ್ಪ ಯೋಚಿಸಿ, ಕೊಳದ ಬದಿಯಲ್ಲಿದ್ದ ಒಂದು ಹಗ್ಗ ತಂದರು. ನಮ್ಮೆಲ್ಲರನ್ನೂ ತಳದಲ್ಲಿ ಸಾಲಾಗಿ ಮೊಣಕಾಲೂರಿ ಕುಳ್ಳಿರಿಸಿದರು. ಮುಂದೆ ಮಾವ, ಹಿಂದೆ ನಾನು, ನನ್ನ ಹಿಂದೆ ಘಟ್ಟದ ತರುಣರು, ಕೊನೆಗೆ ಟೀಚರ್. ಹಗ್ಗದ ತುದಿ ಕೊಳದ ಏಣಿಗೆ. ಮಾವ ರೆಗ್ಯುಲೇಟರ್ ಕಚ್ಚಿಕೊಂಡೇ ಕೂಗಿದರು. ದನಿ ಎಲ್ಲೋ ಗೋಡೆಯಾಚೆಯಿಂದ ಬಂದ ಹಾಗೆ ಕೇಳಿತು, ಆದರೆ ಗುಳ್ಳೆಗಳು ಭರ್ರೆಂದು ಎದ್ದವು. ನಾವು ಓಗೊಟ್ಟು ಎಳೆದೆವು. ಮತ್ತೆ ಕೂಗಿದರು, ಮತ್ತೆ ಎಳೆದೆವು. ಆ ಬೇಸಿಗೆಯವರೆಗೆ ಸಮುದ್ರವನ್ನೇ ಸರಿಯಾಗಿ ನೋಡಿರದಿದ್ದ ತರುಣರು ಬಲೆ ಎಳೆಯುವವರ ಹಾಗೆ ಓ ಎನ್ನುತ್ತಿದ್ದರು. ಏಣಿ ಕಿತ್ತು ಬರದದ್ದು ಪುಣ್ಯ. ಮೇಲೆ ಕೊಳದ ಕಾವಲುಗಾರ ಓಡಿಬಂದು ನೀರಿಗೆ ಬಗ್ಗಿ ನೋಡುತ್ತಿದ್ದ, ಇವರಿಗೆ ಏನಾಯಿತು ಎಂದು.

ಆ ಬೆಳಿಗ್ಗೆ ಮೀಟರು ನೋಡಿದಾಗ ಮಾವನ ಸಿಲಿಂಡರಿನಲ್ಲಿ ಎಲ್ಲರಿಗಿಂತ ಕಡಿಮೆ ಗಾಳಿ. ಅವರಿಗೆ ಅವಮಾನವಾದ ಹಾಗಿತ್ತು. ಟೀಚರ್ ಮೊದಲ ಸಲ ಹಲ್ಲು ಕಾಣುವಂತೆ ನಕ್ಕರು. ಬಸ್ಸಿನಲ್ಲಿ ಮಾವ ಕಿಟಕಿಗೆ ಹಣೆ ಒತ್ತಲಿಲ್ಲ, ತಲೆನೋವು ಇರಲಿಲ್ಲ.

ಹಗ್ಗವಿಲ್ಲದೆ, ದನಿಯಿಲ್ಲದೆ, ಬರೀ ಉಸಿರಿನಲ್ಲೇ ಆ ಲಯ ಹಿಡಿಯಲು ಇನ್ನಷ್ಟು ಬೆಳಗುಗಳು ಬೇಕಾದವು. ಟೀಚರ್ ರಜೆಯನ್ನೂ ಬಿಟ್ಟು ಬಂದರು. ಅವರ ಜೊತೆ ದುಡಿದದ್ದನ್ನು ನೆನೆದರೆ ನನಗೆ ಇವತ್ತಿಗೂ ಹೆಮ್ಮೆ. ಮಾವನಿಗೆ ರಿಯಾಯಿತಿ ಕೊಡಲಿಲ್ಲ, ಅವರ ಕೈಯನ್ನೂ ಬಿಡಲಿಲ್ಲ. ಮಾವನ ಬಗ್ಗೆಯೂ ಅಷ್ಟೇ ಹೆಮ್ಮೆ. ತಾವು ಯಾವುದರಲ್ಲಿ ಊರಿಗೇ ಹೆಸರಾಗಿದ್ದರೋ ಅದನ್ನೇ ಬಿಡಲು ಆ ವಯಸ್ಸಿನಲ್ಲಿ ದಿನಾ ನಸುಕಿನಲ್ಲಿ ಏಳುತ್ತಿದ್ದರು.

ಮಳೆಗಾಲಕ್ಕೆ ಮೊದಲಿನ ಕೊನೆಯ ದೋಣಿ ಹೊರಟ ದಿನ ಪಡುವಣದಲ್ಲಿ ಮೋಡ ಕಟ್ಟಿತ್ತು. ಅತಿಥಿಗಳು ಇರಲಿಲ್ಲ, ನಾವು ಮಾತ್ರ. ಮಾವ ನೀರು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಟೀಚರ್ ತಿರುಪಿನಿಂದ ಪಟ್ಟಿಯವರೆಗೆ ಒಂದೊಂದನ್ನೂ ಮುಟ್ಟಿ ನೋಡಿದರು. ಇಬ್ಬರೂ ಇಳಿದರು. ನಾನು ಅಂಚಿಗೆ ಬಗ್ಗಿದೆ. ನೀರು ಸ್ವಲ್ಪ ಕಲಕಿತ್ತು, ಆಳದಲ್ಲಿ ಏನೂ ಕಾಣುತ್ತಿರಲಿಲ್ಲ. ನಾನು ಉಸಿರು ಹಿಡಿದುಕೊಂಡಿದ್ದೆ, ಅದು ಗೊತ್ತಾಗಿ ಬಿಟ್ಟೆ.

ಮೊದಲು ಕಂಡದ್ದು ಗುಳ್ಳೆ. ಒಂದಲ್ಲ, ಎರಡು ಸಾಲು. ಆಮೇಲೆ ಅವರ ಆಕಾರ ಕಂಡಿತು. ಟೀಚರ್ ಒಂದು ಕೈಯಿಂದ ಮಾವನ ಪಟ್ಟಿ ಹಿಡಿದಿದ್ದರು, ಅವರ ಮುಖ ಮಾವನ ಮುಖದ ಎದುರಿಗೇ ಇತ್ತು. ಮಾವನ ಬಾಯಿಂದ ಗುಳ್ಳೆಗಳು ಒಂದೇ ಸಮನೆ ಬರುತ್ತಿದ್ದವು, ಅರ್ಧ ದಾರಿಯಲ್ಲೂ ನಿಲ್ಲಲಿಲ್ಲ, ಮುಕ್ಕಾಲು ದಾರಿಯಲ್ಲೂ ನಿಲ್ಲಲಿಲ್ಲ. ಮೇಲೆ ಹತ್ತಿರವಾದಂತೆ ನನಗೆ ದನಿಯೂ ಕೇಳಿತು. ಬಲೆ ದಡ ಮುಟ್ಟುವಾಗಿನ ಆ ಉದ್ದನೆಯ ಕೂಗು. ಅದರ ಜೊತೆ ಇನ್ನೊಂದು ತೆಳ್ಳನೆಯ ದನಿ. ಕಾರ್ಕಳದವರು ಯಾವಾಗ ಅದನ್ನು ಕಲಿತರೋ, ಪಕ್ಕದಲ್ಲಿ ಓಗೊಡುತ್ತ ಬರುತ್ತಿದ್ದರು. ಮಾವನ ತಲೆ ನೀರಿನಿಂದ ಹೊರಬಂದಾಗ ಎದೆಯಲ್ಲಿ ಒಂದು ಚೂರೂ ಗಾಳಿ ಉಳಿದಿರಲಿಲ್ಲ. ಬಾಯಿ ತೆರೆದು ಎಳೆದ ಆ ಉಸಿರಿನ ಸದ್ದು ದೋಣಿಯವರೆಗೂ ಕೇಳಿತು.

"ಆಯ್ತು ಅಣ್ಣ," ಎಂದರು ಟೀಚರ್. "ಸಹಿ ಹಾಕ್ತೇನೆ."

ಮಾವ ದೋಣಿಯ ಅಂಚು ಹಿಡಿದು ತೇಲುತ್ತಿದ್ದರು. ಖುಷಿಯಲ್ಲಿ ಏನಾದರೂ ತಮಾಷೆ ಮಾಡುತ್ತಾರೆ ಎಂದು ಕಾದೆ. ಅವರು ಕೇಳಿದ್ದು ಬೇರೆ. ಸಿಲಿಂಡರಿನಲ್ಲಿ ಗಾಳಿ ಉಂಟಲ್ಲ, ಬಂಡೆಯ ಹತ್ತಿರ ಒಮ್ಮೆ ಹೋಗಿ ಬರುವ ಎಂದರು. ಟೀಚರ್ ಮೋಡ ನೋಡಿದರು, ಮೀಟರು ನೋಡಿದರು, ನನಗೆ ಇಳಿಯಲು ಹೇಳಿದರು.

ನಾವು ಮೂವರೂ ಬಂಡೆಯ ಪಕ್ಕಕ್ಕೆ ಇಳಿದೆವು. ಮಾವನ ಕೈಯಲ್ಲಿ ಉಳಿ ಇರಲಿಲ್ಲ, ಸೊಂಟದಲ್ಲಿ ಚೀಲ ಇರಲಿಲ್ಲ. ಏನು ಮಾಡಬೇಕೆಂದು ತಿಳಿಯದವರ ಹಾಗೆ ಮೊದಲು ಆಚೀಚೆ ನೋಡಿದರು. ಆಮೇಲೆ ಬಂಡೆಗೆ ಒಂದು ಮಾರು ದೂರದಲ್ಲಿ ನಿಂತುಬಿಟ್ಟರು. ಅವರ ಗುಳ್ಳೆಗಳು ಹೋಗುತ್ತಿದ್ದವು, ನಿಲ್ಲುತ್ತಿದ್ದವು, ಮತ್ತೆ ಹೋಗುತ್ತಿದ್ದವು. ನನಗೆ ಬೇಸರ ಬಂದು ಮೀನುಗಳ ಹಿಂದೆ ಹೋದೆ, ತಿರುಗಿ ಬಂದೆ, ಮಾವ ಅಲ್ಲೇ ಇದ್ದರು. ಟೀಚರ್ ಮೀಟರು ತೋರಿಸಿ, ಸಾಕು ಎಂದು ಸನ್ನೆ ಮಾಡುವವರೆಗೆ ಕದಲಲಿಲ್ಲ.

ದೋಣಿ ದಡದ ಕಡೆಗೆ ತಿರುಗಿತು. ಮಾವ ಟವೆಲ್ ಹೊದ್ದು ಮೂಲೆಯಲ್ಲಿ ಕುಳಿತಿದ್ದರು. ಕಣ್ಣು ಕೆಂಪಾಗಿತ್ತು, ಉಪ್ಪುನೀರಿಗೆ ಎಂದುಕೊಂಡೆ.

"ಎಂತ ಮಾವ, ಅಷ್ಟು ಹೊತ್ತು ಎಂತ ನೋಡಿದ್ದು? ನೀವು ನೋಡದ್ದು ಅಲ್ಲಿ ಎಂತ ಉಂಟು?"

ಅವರು ಅಂಗೈ ಎರಡನ್ನೂ ಜೋಡಿಸಿ, ಒಂದು ಬದಿ ಮಾತ್ರ ಸ್ವಲ್ಪವೇ ತೆರೆದು ನನಗೆ ತೋರಿಸಿದರು.

"ಪಚ್ಚಿಲೆ ಬಾಯಿ ತೆರೀತದೆ ಮಾರಾಯ್ತಿ. ಸುಮ್ಮನೆ ನಿಂತ್ರೆ ಒಂದೊಂದೇ ತೆರೀತದೆ, ಬಂಡೆ ಪೂರ್ತಿ. ಒಳಗೆ ಕಿತ್ತಳೆ ಬಣ್ಣ ಉಂಟು. ನೀರು ಕುಡಿತದೆ, ಬಿಡ್ತದೆ."

ಟೀಚರ್ ಪೈಪು ಸುತ್ತುವುದನ್ನು ನಿಲ್ಲಿಸಿ ಕೇಳುತ್ತಿದ್ದರು.

"ಇಷ್ಟು ವರ್ಷ ತೆಗೆದೆ," ಎಂದರು ಮಾವ. "ನಾನು ಹೋದಾಗೆಲ್ಲ ಮುಚ್ಚಿಕೊಂಡೇ ಇತ್ತು. ಅಕ್ಕನ ಒಲೆಯ ಮೇಲೆ ಬೆಂದ ಮೇಲೆ ಮಾತ್ರ ಅವು ಬಾಯಿ ತೆರೆಯುವುದು ಅಂತ ತಿಳ್ಕೊಂಡಿದ್ದೆ."